ಅತ್ತೆಗೆ ಇಷ್ಟವಾಗದ ಸಿನಿಮಾ

ಆ ಶುಕ್ರವಾರ ನಾನು ಮತ್ತು ಅತ್ತೆ ಸಿನಿಮಾ ನೋಡಿಕೊಂಡು, ಜಗಳ ಆಡಿಕೊಂಡು ಮನೆಗೆ ಬಂದೆವು. ಎರಡೂ ನಮಗೆ ಹೊಸದಲ್ಲ. ಶುಕ್ರವಾರ ಬಂದರೆ ಸಿನಿಮಾ, ಸಿನಿಮಾ ಮುಗಿದರೆ ಜಗಳ. ಬೇರೆ ಮನೆಗಳಲ್ಲಿ ಶುಕ್ರವಾರ ದೇವರ ಪಾತ್ರೆ ತೊಳೆದು ಹೂ ಏರಿಸುವ ಹಾಗೆ ಇದು ನಮ್ಮ ಮನೆಯ ಪದ್ಧತಿ.

ನಾನು ಟೋಕನ್ ಕೊಡುವ ಕ್ಲಿನಿಕ್ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಯೇ. ಆ ಹೊತ್ತಿನಲ್ಲಿ ಡಾಕ್ಟರು ಊಟ ಮಾಡಿ ಮಲಗುತ್ತಾರೆ. ನಾನು ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಓಡಿ ಬಂದು, ಸೀರೆ ಉಟ್ಟು ಬ್ಯಾಗು ಹಿಡಿದು ಗೇಟಿನಲ್ಲೇ ನಿಂತಿರುತ್ತಿದ್ದ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಮಾಗಡಿ ರಸ್ತೆಯ ಹಳೆಯ ಥಿಯೇಟರಿಗೆ ಹೋಗುತ್ತಿದ್ದೆ. ಮ್ಯಾಟಿನಿ ಮುಗಿಸಿ ಬಂದರೆ ಕ್ಲಿನಿಕ್ಕಿನ ಬಾಗಿಲು ತೆಗೆಯಲು ಸರಿಹೋಗುತ್ತಿತ್ತು. ನನ್ನ ಗಂಡನಿಗೆ ಸಿನಿಮಾ ಅಂದರೆ ಎಸಿಯಲ್ಲಿ ನಿದ್ದೆ ಮಾಡುವ ಜಾಗ. ಅವರನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಆವತ್ತು ನೋಡಿದ್ದು ಒಂದು ಸಂಸಾರದ ಸಿನಿಮಾ. ‘ಕುಟುಂಬ ಸಮೇತ ನೋಡಿ’ ಎಂದು ಪೋಸ್ಟರಿನಲ್ಲೇ ಬರೆದಿತ್ತು. ಕತೆ ಇಷ್ಟೇ. ತುಂಬಿದ ಮನೆಗೆ ಸೊಸೆಯಾಗಿ ಬಂದ ಹುಡುಗಿ ಬೆಳಗಿನಿಂದ ರಾತ್ರಿಯವರೆಗೂ ದುಡಿದು, ಎಲ್ಲರಿಂದ ಮಾತು ಕೇಳಿ, ಒಂದು ದಿನ ಸೂಟ್‌ಕೇಸು ಹಿಡಿದು ಹೊರಟುಹೋಗುತ್ತಾಳೆ. ಕೊನೆಯಲ್ಲಿ ಅತ್ತೆ ಹಾಸಿಗೆ ಹಿಡಿದ ಸುದ್ದಿ ಕೇಳಿ ವಾಪಸ್ ಬರುತ್ತಾಳೆ. ಎಲ್ಲರೂ ಅಳುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಥಿಯೇಟರಿನಲ್ಲಿ ಚಪ್ಪಾಳೆ. ನಾನೂ ಹೊಡೆದೆ.

ದೀಪ ಹತ್ತಿತು. ಮಂಡಿ ನೋವಿನ ಅತ್ತೆ ಜನ ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ಕೂತಲ್ಲೇ ನನ್ನ ಕಡೆ ತಿರುಗಿ, ಪ್ರತಿ ಸಿನಿಮಾ ಮುಗಿದಾಗಲೂ ಕೇಳುವುದನ್ನೇ ಕೇಳಿದರು.

“ಏನವ್ವ ಮಂಜುಳಾ, ಏನ್ ಕಲತಂಗಾತು?”

“ಮನೆ ಅಂದ್ಮೇಲೆ ಒಬ್ಬರಿಗೊಬ್ಬರು ಬೇಕು ಅಂತ ಅತ್ತೆ. ಅವಳು ವಾಪಸ್ ಬಂದಿದ್ದು ಎಷ್ಟು ಚೆನ್ನಾಗಿತ್ತಲ್ವಾ?”

“ಬರಬಾರದಿತ್ತು.”

“ಅಯ್ಯೋ, ಅತ್ತೆ ಹಾಸಿಗೆ ಹಿಡಿದಿದ್ರೂನಾ?”

“ಹಾಸಿಗೆ ಹಿಡಿದ ಅತ್ತೀಗೆ ಮಗ ಇರ್ಲಿಲ್ಲೇನು? ಕೈಕಾಲು ಗಟ್ಟಿ ಇದ್ವಲ್ಲ. ಅಷ್ಟು ಮಂದಿನ್ನ ಎತ್ತಿ ಎತ್ತಿ ಒಗೆಯಾಕೆ ಬರ್ತತಿ, ತಾಯಿಗೆ ಒಂದು ಬಟ್ಟಲು ಗಂಜಿ ಕಾಸಾಕೆ ಬರಲ್ಲೇನು?”

“ನೀವೇನಾದ್ರೂ ಹಾಸಿಗೆ ಹಿಡಿದ್ರೆ ನಾನು ಎಲ್ಲಿದ್ರೂ ಓಡಿ ಬರ್ತೀನಪ್ಪ.”

“ಬರಬ್ಯಾಡ. ಅವನೇ ಮಾಡ್ಲಿ.”

ಕೂತಲ್ಲೇ ಶುರುವಾದ ಜಗಳ ಸಿಗ್ನಲ್ಲಿನಲ್ಲಿ ಜೋರಾಗಿ, ಮನೆಯ ಮೆಟ್ಟಿಲು ಹತ್ತುವಾಗಲೂ ಮುಗಿದಿರಲಿಲ್ಲ. ಊಟಕ್ಕೆ ಕೂತಾಗ ಅವರು ನನ್ನ ತಟ್ಟೆಗೆ ತುಪ್ಪ ಹಾಕಿದರು, ನಾನು ಅವರಿಗೆ ರೊಟ್ಟಿ ಹಾಕಿದೆ, ಆದರೆ ಇಬ್ಬರೂ ಸೋಲೊಪ್ಪಲಿಲ್ಲ. ನಡುವೆ ಕೂತಿದ್ದ ನನ್ನ ಗಂಡ ಯಾವ ಸಿನಿಮಾ ಎಂದೂ ಕೇಳದೆ ಉಂಡು ಎದ್ದರು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತರು. ಪೂಜೆ ಮಾಡುವಾಗ ಅವರನ್ನು ಮಾತಾಡಿಸುವ ಹಾಗಿಲ್ಲ. ನಾನು ಮಾತಾಡಿಸಲಿಲ್ಲ. ಕ್ಲಿನಿಕ್ಕಿಗೆ ಹೊತ್ತಾಯಿತೆಂದು ಹೇಳಲು ಹೋದಾಗ ಗೋಡೆಗೆ ಒರಗಿದ್ದರು. ಕರೆದೆ. ಭುಜ ಮುಟ್ಟಿದೆ. ಅಷ್ಟೇ.

ಸತ್ತವರ ಬಗ್ಗೆ ಬರೆಯುವಾಗ ದೊಡ್ಡ ದೊಡ್ಡ ಮಾತು ಬರೆಯಬೇಕಂತೆ. ನಾನು ಪಿಯುಸಿ ಓದಿದವಳು, ಅದೂ ಎರಡನೇ ಸಲ ಕಟ್ಟಿ ಪಾಸಾದವಳು. ನನಗೆ ಬರುವುದು ರೋಗಿಗಳ ಹೆಸರು ಕೂಗುವುದು. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ಅತ್ತೆ ಹೋದ ಮೇಲೆ ಸುತ್ತಲಿನವರು ಅವರನ್ನು ಬೇರೆ ಯಾರೋ ಮಾಡಲು ಹೊರಟರು. ಅದನ್ನು ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಸಿನಿಮಾದ ವಿಷಯದಲ್ಲಿ ನನ್ನ ತವರಿನವರೂ ಕಡಿಮೆಯೇನಲ್ಲ. ನಮ್ಮದು ವಿಜಯನಗರ. ಅಪ್ಪ ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಬೋನಸ್ ಬಂದಾಗ ನಮ್ಮನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆದರೆ ಪರದೆಯ ಮೇಲೆ ತುಂಡು ಬಟ್ಟೆಯ ಕುಣಿತ ಶುರುವಾಯಿತೋ, ತಟ್ಟನೆ ಎದ್ದು, “ನಡೀರಿ ಹೊರಗೆ” ಅನ್ನುತ್ತಿದ್ದರು. ಅಮ್ಮ, ನಾನು, ತಂಗಿ ಸಾಲಾಗಿ ಜನರ ಕಾಲು ತುಳಿಯುತ್ತಾ ಹೊರಗೆ ಬರುತ್ತಿದ್ದೆವು. ವರಾಂಡದಲ್ಲಿ ಅಪ್ಪ ಕಡಲೆಕಾಯಿ ಕೊಡಿಸುತ್ತಿದ್ದರು. ಗೇಟಿನವನನ್ನು “ಮುಗೀತೇನಪ್ಪ?” ಎಂದು ಕೇಳುತ್ತಿದ್ದರು. ಅವನು ಪರದೆ ಸರಿಸಿ ಇಣುಕಿ, “ಇನ್ನೂ ಒಂದು ಚರಣ ಇದೆ ಸಾರ್” ಅನ್ನುತ್ತಿದ್ದ. ಮುಗಿದ ಮೇಲೆ ಮತ್ತೆ ಅದೇ ಕಾಲುಗಳನ್ನು ತುಳಿದುಕೊಂಡು ಒಳಗೆ. ಹೀಗಾಗಿ ಎಷ್ಟೋ ಹಾಡುಗಳು ಶುರುವಾದರೆ ನನಗೆ ಇವತ್ತಿಗೂ ಕಡಲೆಕಾಯಿ ತಿನ್ನಬೇಕೆನಿಸುತ್ತದೆ. ಅಪ್ಪ ನಮ್ಮನ್ನು ಕಾಪಾಡಿದರೋ ಇಲ್ಲವೋ ಗೊತ್ತಿಲ್ಲ. ಒಳಗೆ ಹೀರೋ ತಂಗಿಯ ಕೆನ್ನೆಗೆ ಹೊಡೆದು ಬುದ್ಧಿ ಕಲಿಸುವಾಗ ಮಾತ್ರ ಒಂದು ಸಲವೂ ಹೊರಗೆ ಕರೆದುಕೊಂಡು ಬರಲಿಲ್ಲ. ಅದು ಸಂಸಾರದ ದೃಶ್ಯ ಅಲ್ಲವೇ!

ಅಂಥ ಮನೆಯಿಂದ ನಾನು ದಾವಣಗೆರೆ ಕಡೆಯ ಈ ಅತ್ತೆಯ ಮನೆಗೆ ಬಂದೆ. ಮದುವೆಯಾದ ಹೊಸದರಲ್ಲಿ ಗಂಡ ನಮ್ಮಿಬ್ಬರನ್ನೂ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋದರು. ನಮ್ಮ ನಡುವೆ ಕೂತ ಅವರು ಸಿನಿಮಾದ ಹೆಸರು ಬರುವಷ್ಟರಲ್ಲಿ ನಿದ್ದೆ ಹೋದರು. ಸಿನಿಮಾ ಮುಗಿದಾಗ ಅತ್ತೆ ಗೊರಕೆ ಹೊಡೆಯುವ ಮಗನ ಮೇಲಿಂದ ನನ್ನ ಕಡೆ ಬಗ್ಗಿ, “ಏನ್ ಕಲತಂಗಾತು?” ಎಂದರು. ಹೊಸ ಸೊಸೆ, ಇದೊಂದು ಪರೀಕ್ಷೆ ಎಂದುಕೊಂಡೆ.

“ದೊಡ್ಡವರ ಮಾತು ಕೇಳಬೇಕು ಅಂತ,” ಎಂದೆ.

“ಸುಳ್ಳು ಹೇಳಬ್ಯಾಡ,” ಎಂದರು.

ನನಗೆ ನಗು ಬಂತು. ಅವರಿಗೂ ಬಂತು. ಮಗ ಎಚ್ಚರವಾಗಿ “ಇಂಟರ್‌ವಲ್ಲಾ?” ಎಂದರು. ಅಂದಿನಿಂದ ಅವರನ್ನು ಬಿಟ್ಟು ನಾವಿಬ್ಬರೇ ಹೋಗತೊಡಗಿದೆವು.

ಅತ್ತೆಯ ಪ್ರಕಾರ ಪ್ರತಿ ಸಿನಿಮಾದಲ್ಲೂ ಕಲಿಯುವುದು ಇರುತ್ತದೆ, ಆದರೆ ತೆಗೆದವನು ಅದನ್ನು ಎಲ್ಲಿಟ್ಟಿದ್ದಾನೋ ಅಲ್ಲಿ ಇರುವುದಿಲ್ಲ. ಒಂದು ದೆವ್ವದ ಸಿನಿಮಾ ನೋಡಿದೆವು. ಊರಾಚೆಯ ದೊಡ್ಡ ಮನೆಗೆ ಸಣ್ಣ ಸಂಸಾರವೊಂದು ಬಾಡಿಗೆಗೆ ಬರುತ್ತದೆ. ನಾನು ಹೆದರಿ ಸೆರಗಿನಿಂದ ಮುಖ ಮುಚ್ಚಿಕೊಂಡೇ ಮುಕ್ಕಾಲು ನೋಡಿದೆ. ಅತ್ತೆ ತಣ್ಣಗೆ, “ಬಾಡಿಗೆ ಅಷ್ಟು ಕಡಿಮೆ ಅಂದಾಗ್ಲೇ ವಿಚಾರ ಮಾಡಬೇಕಿತ್ತು. ದೆವ್ವ ಇರ್ತತಿ, ಇಲ್ಲಾ ನೀರು ಇರಲ್ಲ,” ಎಂದರು. ಇನ್ನೊಂದು ಸಿನಿಮಾದಲ್ಲಿ ಹೀರೋ ತಾಯಿಗಾಗಿ ಊರನ್ನೇ ಸುಡುತ್ತಾನೆ. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಅತ್ತೆ ಶಿಳ್ಳೆ ನಿಲ್ಲುವ ತನಕ ಕಾದು ಹೇಳಿದರು: “ತಾಯಿ ತಾಯಿ ಅಂತ ಅಷ್ಟು ಬಡಕಂಡ. ಮೂರು ತಾಸಿನಾಗೆ ಒಂದು ಸಲನಾರ ಊಟ ಆತೇನವ್ವ ಅಂತ ಕೇಳಿದ್ನೇನು?” ಆಮೇಲೆ ತಾಯಿ ಪ್ರೀತಿಯ ಸಿನಿಮಾ ಯಾವುದು ಬಂದರೂ ನಾನು ಅದನ್ನೇ ಕಾಯುತ್ತಾ ಕೂರುತ್ತಿದ್ದೆ. ನೀವೂ ಗಮನಿಸಿ ನೋಡಿ. ಕೇಳುವುದೇ ಇಲ್ಲ.

ಮುಜುಗರದ ದೃಶ್ಯ ಬಂದಾಗ ಅವರು ಅಪ್ಪನ ಹಾಗೆ ಎದ್ದು ಹೋಗುತ್ತಿರಲಿಲ್ಲ. “ನೀರು ಕೊಡು” ಅನ್ನುತ್ತಿದ್ದರು. ಬಾಟಲಿ ಎತ್ತಿ, ಕಣ್ಣು ಮುಚ್ಚಿ, ದೃಶ್ಯ ಮುಗಿಯುವ ತನಕ ಕುಡಿಯುತ್ತಿದ್ದರು. ಕೆಲವು ಸಿನಿಮಾಗಳಿಗೆ ಅರ್ಧ ಬಾಟಲಿ, ಕೆಲವಕ್ಕೆ ಪೂರ್ತಿ. ಆದರೆ ತೀರ್ಪು ನೀರಿನ ಮೇಲೆ ನಿಂತಿರುತ್ತಿರಲಿಲ್ಲ. ಪೂರ್ತಿ ಬಾಟಲಿ ಖಾಲಿಯಾದ ಒಂದು ಸಿನಿಮಾದ ಬಗ್ಗೆ ಅವರ ವಚನದ ಬಳಗದ ಹೆಂಗಸರು ಗಾಬರಿಯಿಂದ ಕೇಳಿದಾಗ, “ಮುತ್ತು ಕೊಟ್ಟ, ಹೌದು. ಆದ್ರೆ ಆಕಿಗೆ ಹುಷಾರಿಲ್ಲದಾಗ ಪಾತ್ರಿ ತೊಳದ. ಮೊಮ್ಮಕ್ಕಳನ್ನ ಕರ್ಕಂಡು ಹೋಗ್ರಿ,” ಎಂದಿದ್ದರು.

ಒಂದು ಸಲ ಮಾಲ್‌ಗೂ ಹೋಗಿದ್ದೆವು. ಅಲ್ಲಿ ಬಾಗಿಲಲ್ಲೇ ಬ್ಯಾಗು ತೆರೆಸಿದರು. ಒಳಗೆ ಖಾರ ಮಂಡಕ್ಕಿಯ ಡಬ್ಬಿ. “ಇದು ಅಲೋ ಇಲ್ಲ ಅಮ್ಮ, ಇಲ್ಲೇ ಬಿಟ್ಟು ಹೋಗಿ,” ಎಂದ ಸೆಕ್ಯುರಿಟಿಯವನು. “ಬಿಟ್ಟು ಹೋಗಾಕೆ ಇದೇನು ಚಪ್ಪಲೇನಪ್ಪ? ನಿಂದ್ರು, ತಿಂತೀನಿ,” ಎಂದು ಅತ್ತೆ ಅಲ್ಲೇ ಗೋಡೆಗೆ ಒರಗಿ ಡಬ್ಬಿ ತೆರೆದರು. ನನಗೂ ಕೊಟ್ಟರು, ಅವನಿಗೂ ಒಂದು ಹಿಡಿ ಕೊಟ್ಟರು. ಸಿನಿಮಾ ಶುರುವಾಗಿ ಹೋಗಿತ್ತು. “ಮೊದಲಿನದು ಏನೂ ಇರಲ್ಲ ಬಿಡು, ಹೀರೋ ಬರಾದೇ ಇರ್ತತಿ,” ಎಂದರು.

ಈ ವಚನದ ಬಳಗದ ಬಗ್ಗೆ ಹೇಳಬೇಕು, ಯಾಕೆಂದರೆ ಮುಂದಿನ ರಗಳೆಯೆಲ್ಲ ಅಲ್ಲಿಯದೇ. ನಮ್ಮ ಬಡಾವಣೆಯ ಹೆಂಗಸರು ವಾರಕ್ಕೊಮ್ಮೆ ಒಂದು ಸಣ್ಣ ಹಾಲ್‌ನಲ್ಲಿ ಸೇರಿ ವಚನ ಹಾಡುತ್ತಾರೆ. ಹಾಡಿದ ಮೇಲೆ ಮಾತು, ಮಾತಿನಲ್ಲಿ ಸಿನಿಮಾ. ಶುಕ್ರವಾರ ಬಂದ ಹೊಸ ಸಿನಿಮಾಕ್ಕೆ ಮನೆಮಂದಿಯೆಲ್ಲ ಹೋಗಬಹುದೋ ಬಾರದೋ ಎಂದು ಅತ್ತೆಯನ್ನು ಕೇಳುತ್ತಿದ್ದರು. ಬಳಗದ ಅಧ್ಯಕ್ಷರು ವಿಶಾಲಾಕ್ಷಮ್ಮ, ಹೆಡ್‌ಮೇಡಂ ಆಗಿ ರಿಟೈರ್ ಆದವರು. ಅವರ ಲೆಕ್ಕ ಸುಲಭ. ಬಟ್ಟೆ ಮೈತುಂಬ ಇರಬೇಕು, ಬೈಗುಳ ಇರಬಾರದು, ಕೊನೆಯಲ್ಲಿ ಎಲ್ಲರೂ ಒಂದಾಗಬೇಕು. ಒಂದು ಪ್ರೇಮದ ಸಿನಿಮಾವನ್ನು ಅವರು ತುಂಬ ನೀಟಾಗಿದೆ ಎಂದು ಹೊಗಳಿದರು. ಅತ್ತೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. “ಒಂದೂ ಕೆಟ್ಟ ಸೀನ್ ಇಲ್ಲ ಅಂತೀರಿ ಮೇಡಂ. ಬ್ಯಾಡ ಬ್ಯಾಡ ಅಂದ್ರೂ ಸಿನಿಮಾ ತುಂಬ ಆ ಹುಡುಗೀನ ಬೆನ್ನತ್ತಿದ. ಬಸ್ ಸ್ಟಾಪಿನಾಗೆ, ಕಾಲೇಜಿನಾಗೆ, ಗುಡಿಯಾಗೆ. ನಿಮ್ಮ ಮೊಮ್ಮಗಳನ್ನ ಹಿಂಗೆ ಯಾರಾರ ಬೆನ್ನತ್ತಿದ್ರೆ ನೀಟಾಗಿ ಐತಿ ಅಂತಿದ್ರೇನು?” ಮೇಡಂ ಅವರಿಗೆ ಅದು ಹಿಡಿಸಲಿಲ್ಲ. ಆದರೆ ಹೆಣ್ಣುಮಕ್ಕಳ ತಾಯಂದಿರು ಕೆಲವರು ಆ ವಾರ ಟಿಕೆಟ್ ಕ್ಯಾನ್ಸಲ್ ಮಾಡಿದರು.

ಅತ್ತೆಯನ್ನು ಮಣ್ಣು ಮಾಡಿ ಬಂದೆವು. ಸತ್ತವರ ಹೆಸರಿನಲ್ಲಿ ಹಾಕುವ ಗಣಾರಾಧನೆಯ ಊಟ ಮುಗಿಯಿತು. ನೆಂಟರು ಹೊರಟರು. ಕೊನೆಗೆ ಹೊರಟವಳು ನನ್ನ ನಾದಿನಿ ಗಿರಿಜಾ. ಕೆಂಗೇರಿ ಉಪನಗರದಲ್ಲಿದ್ದಾಳೆ. ಅತ್ತೆಗೆ ಒಬ್ಬಳೇ ಮಗಳು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು.

“ಅತ್ತಿಗೆ, ಒಂದು ಮಾತು. ವರ್ಷ ತುಂಬೋ ತನಕ ಸಿನಿಮಾ ಗಿನಿಮಾ ಅಂತ ಹೋಗ್ಬೇಡಿ. ನೋಡಿದವರು ಏನಂದ್ಕೋತಾರೆ?”

“ನಮ್ಮಲ್ಲಿ ಸೂತಕಾನೇ ಇಲ್ವಲ್ಲ ಗಿರಿಜಾ. ನಿಮ್ಮಮ್ಮನೇ ಹೇಳ್ತಿದ್ರು. ಮಾವ ಹೋದಾಗ ಒಂದು ದಿನಾನೂ ಪೂಜೆ ಬಿಡ್ಲಿಲ್ಲ ಅವರು.”

“ಸೂತಕ ಇಲ್ಲ ಅಂದ್ರೆ ದುಃಖಾನೂ ಇಲ್ಲ ಅಂತಾನಾ?”

ನಾನು ಅವಳ ಬ್ಯಾಗು ಎತ್ತಿ ಕೊಟ್ಟೆ. ಲಿಂಗವಂತರಿಗೆ ಸಾವಿನ ಸೂತಕ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅಕ್ಕಪಕ್ಕದ ಮನೆಗಳಲ್ಲಿ ಹಬ್ಬ ಮಾಡುವುದಿಲ್ಲ, ಮದುವೆಗೆ ಹೋಗುವುದಿಲ್ಲ ಎಂದು ಕಂಡು ಕಂಡು, ನಮ್ಮವರೂ ಇಲ್ಲದ ಸೂತಕವನ್ನು ಸಾಲ ತಂದವರ ಹಾಗೆ ಆಚರಿಸುತ್ತಾರೆ. ಹೋಗಲಿ, ಆಚರಿಸಲಿ. ನಾನು ಆಚರಿಸುವುದಿಲ್ಲ.

ಶುಕ್ರವಾರ ಬಂತು. ಕ್ಲಿನಿಕ್ ಬಾಗಿಲು ಹಾಕಿದೆ. ಮನೆಗೆ ಹೋಗಿ ಏನು ಮಾಡಲಿ? ಅತ್ತೆಯ ಹಾಸಿಗೆ ಮಡಿಸಿಟ್ಟಾಗಿತ್ತು, ಅವರ ಔಷಧಿಗಳನ್ನು ನನ್ನ ಗಂಡ ಎತ್ತಿಟ್ಟಿದ್ದರು. ಸ್ಕೂಟರು ತಾನಾಗಿ ಮಾಗಡಿ ರಸ್ತೆಗೆ ತಿರುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ತಿರುಗಿಸಿದೆ, ಬೇಕೆಂದೇ ತಿರುಗಿಸಿದೆ. ಒಂದು ತಮಾಷೆಯ ಸಿನಿಮಾ ಓಡುತ್ತಿತ್ತು. ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ನಕ್ಕೆ. ಹೀರೋ ಪಂಚೆ ಎತ್ತಿಕೊಂಡು ಓಡುವಾಗ ಜೋರಾಗಿಯೇ ನಕ್ಕೆ. ಆಮೇಲೆ ಒಂದು ಹೊಡೆದಾಟ ಬಂತು. ಟೊಮೇಟೊ ಗಾಡಿಗಳು ಉರುಳುವ ಆ ಹೊಡೆದಾಟದಲ್ಲಿ ಅಳುವಂಥದ್ದು ಏನೂ ಇರಲಿಲ್ಲ. ನಾನು ಅದಕ್ಕೇ ಅತ್ತುಬಿಟ್ಟೆ. ಪಕ್ಕದ ಹೆಂಗಸು, “ಯಾಕ್ರೀ, ಹೀರೋ ಸಾಯಲ್ಲ ಕಣ್ರೀ,” ಎಂದು ಸಮಾಧಾನ ಮಾಡಿದಳು.

ಗಿರಿಜಾ ಕೇಳಿದ್ದಕ್ಕೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ದುಃಖ ಇದ್ದದ್ದಕ್ಕೇ ಹೋಗಿದ್ದೆ. ಮನೆಯಲ್ಲಿ ಬಂದವರೆಲ್ಲ ‘ಪುಣ್ಯವಂತರು, ಪೂಜೆಯಲ್ಲೇ ಹೋದರು’ ಎಂದು ಹೇಳಿ ಹೇಳಿ, ನನಗೆ ಅಳಲು ಜಾಗ ಉಳಿದಿರಲಿಲ್ಲ.

ಬಳಗದ ಶಾಂತಕ್ಕ ನನ್ನನ್ನು ಥಿಯೇಟರಿನಲ್ಲಿ ನೋಡಿ ಊರಿಗೆಲ್ಲ ಹೇಳಿದರು. ತಾವು ಅಲ್ಲಿ ಏನು ಮಾಡುತ್ತಿದ್ದರು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಭಾನುವಾರ ಗಿರಿಜಾಳ ಫೋನು.

“ಸಿನಿಮಾಕ್ಕೆ ಹೋಗಿದ್ರಂತೆ?”

“ಹೋಗಿದ್ದೆ.”

“ನಗ್ತಾ ಇದ್ರಂತೆ?”

“ಕಾಮಿಡಿ ಸಿನಿಮಾ ಕಣೇ.”

“ಅತ್ತಿಗೆ, ನಿಮಗೇನು ಅನ್ಸೋದೇ ಇಲ್ವಾ? ಹೆತ್ತ ತಾಯಿ ಆಗಿದ್ರೆ ಹೋಗ್ತಿದ್ರಾ?”

“ನಮ್ಮಮ್ಮಂಗೆ ಸಿನಿಮಾ ಅಂದ್ರೆ ಆಗಲ್ಲ. ಅವರಾಗಿದ್ರೆ ದೇವಸ್ಥಾನಕ್ಕೆ ಹೋಗ್ತಿದ್ದೆ. ನಿಮ್ಮಮ್ಮ ಕರ್ಕೊಂಡು ಹೋಗ್ತಿದ್ದಿದ್ದು ಸಿನಿಮಾಕ್ಕೆ.”

ಆ ಕಡೆ ಫೋನು ಇಟ್ಟಳು. ನಾನು ಮುಂದಿನ ಶುಕ್ರವಾರವೂ ಹೋದೆ. ಕದ್ದು ಹೋಗಲಿಲ್ಲ, ಇಂಟರ್‌ವಲ್‌ನಲ್ಲಿ ಶಾಂತಕ್ಕನಿಗೆ ಕೈ ಬೀಸಿದೆ.

ಇಷ್ಟರಲ್ಲಿ ವಿಶಾಲಾಕ್ಷಮ್ಮ ಕ್ಲಿನಿಕ್ಕಿಗೇ ಬಂದರು. ಬಿಪಿ ನೋಡಿಸಿಕೊಂಡು ಹೋಗುವಾಗ ನನ್ನ ಟೇಬಲ್ಲಿನ ಮುಂದೆ ನಿಂತು, “ಮಂಜುಳಾ, ನೀಲಮ್ಮನವರ ಸ್ಮರಣೆಗೆ ಬಳಗದಲ್ಲಿ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ,” ಎಂದರು. ನೀಲಮ್ಮ ಎಂದರೆ ನಮ್ಮತ್ತೆ. ಈಗಿನ ಸಿನಿಮಾಗಳು ಮನೆಮಂದಿಗೆ ಏನು ಕಲಿಸುತ್ತವೆ ಎಂಬ ವಿಷಯ. ನಾನು ಸೊಸೆಯಾಗಿ ಎರಡು ಮಾತು ಆಡಬೇಕು. ಅದಾದ ಮೇಲೆ ಅತ್ತೆ ಕೊನೆಗೆ ನೋಡಿದ ಆ ಸಂಸಾರದ ಸಿನಿಮಾಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದು.

“ಎಷ್ಟು ಒಳ್ಳೇ ಸಿನಿಮಾ ಅದು! ನೀಲಮ್ಮನವರು ಮೆಚ್ಚಿದ್ದ ಸಿನಿಮಾ ಅಂತ ಹೇಳಿ ನೀವು. ಈಗಿನ ಸೊಸೆಯಂದಿರಿಗೆ ಒಂದು ಪಾಠ ಆಗ್ಲಿ.”

“ಅವರಿಗೆ ಅದು ಇಷ್ಟ ಆಗ್ಲಿಲ್ಲ ಮೇಡಂ.”

ಮೇಡಂ ಬಿಪಿ ಚೀಟಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. “ಅದನ್ನೆಲ್ಲ ಹೇಳೋದು ಬೇಡ ಬಿಡಿ. ಹೋದವರ ಬಗ್ಗೆ ಒಳ್ಳೇದು ಹೇಳ್ಬೇಕು.”

ಒಳ್ಳೆಯದು ಎಂದರೆ ಏನು, ನೀವೇ ಹೇಳಿ. ಅತ್ತೆಗೆ ಒಂದು ಅಭಿಪ್ರಾಯ ಇತ್ತು ಎನ್ನುವುದು ಕೆಟ್ಟದ್ದೇ? ಗಿರಿಜಾಳೂ ಮತ್ತೆ ಫೋನು ಮಾಡಿದಳು. “ಅಮ್ಮ ಈಗಿನ ಸಿನಿಮಾ ಒಪ್ತಿರಲಿಲ್ಲ, ಮನೆ ಒಡೆಯೋದು ಅವರಿಗೆ ಆಗ್ತಿರಲಿಲ್ಲ ಅಂತ ಹೇಳಿ ಅತ್ತಿಗೆ, ಸಾಕು. ನಾನೂ ಬರ್ತೀನಿ ಆವತ್ತು.” ನನ್ನ ಗಂಡನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಏನ್ ಹೇಳಿದ್ರೂ ಚಿಕ್ಕದಾಗಿ ಹೇಳು, ಕಾಫಿ ಆರಿ ಹೋಗುತ್ತೆ,” ಎಂದರು.

ನನ್ನ ಕಷ್ಟ ಬೇರೆಯೇ ಇತ್ತು. ನನಗೆ ಆ ಸಿನಿಮಾ ಇಷ್ಟ! ಅವಳು ವಾಪಸ್ ಬಂದದ್ದು ಸರಿ ಎಂದು ನಾನೇ ವಾದ ಮಾಡಿದವಳು. ಮೇಡಂ ಹೇಳಿದಂತೆ ಹೇಳಿಬಿಟ್ಟರೆ ನನ್ನ ಮನಸ್ಸಿನ ಮಾತನ್ನೇ ಹೇಳಿದ ಹಾಗಾಗುತ್ತಿತ್ತು. ಅತ್ತೆ ಎದ್ದು ಬಂದು ಇಲ್ಲ ಅನ್ನುವಂತಿರಲಿಲ್ಲ. ಅವರು ಇಲ್ಲದಾಗ ಜಗಳ ಗೆಲ್ಲುವುದು ಇಷ್ಟು ಸುಲಭವೇ ಎನ್ನಿಸಿ ಮೈಯೆಲ್ಲ ಉರಿಯಿತು. ಹಾಗೆ ಗೆಲ್ಲಬಾರದು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಆ ದಿನ ಹಾಲ್ ತುಂಬಿತ್ತು. ಅತ್ತೆಯ ಫೋಟೊ, ಅದಕ್ಕೆ ವಿಭೂತಿ, ಮಲ್ಲಿಗೆ ಹಾರ. ಮೊದಲು ವಚನ ಹಾಡಿದರು. ಆಮೇಲೆ ಮೂವರು ಮಾತಾಡಿದರು. ಒಬ್ಬರು ಮೊಬೈಲಿನಿಂದ ಮಕ್ಕಳು ಕೆಟ್ಟರು ಎಂದರು. ಇನ್ನೊಬ್ಬರು ಸಿನಿಮಾದಿಂದ ಕೆಟ್ಟರು ಎಂದರು. ವಿಶಾಲಾಕ್ಷಮ್ಮ, ನೀಲಮ್ಮನವರು ಇಂಥ ಸಿನಿಮಾಗಳ ನಡುವೆಯೂ ಹಾಲಿನಿಂದ ನೀರು ಬೇರೆ ಮಾಡುವಂತೆ ಒಳ್ಳೆಯದನ್ನು ಆರಿಸುತ್ತಿದ್ದರು ಎಂದರು. ನಂತರ ನನ್ನ ಕೈಗೆ ಮೈಕು. ಮುಂದಿನ ಸಾಲಿನಲ್ಲೇ ಗಿರಿಜಾ.

ನಾನು ಹತ್ತು ಜನರ ಮುಂದೆ ಆಡಿದ ಮಾತೆಂದರೆ ‘ನೆಕ್ಸ್ಟ್ ಯಾರು ಬನ್ನಿ’ ಅಷ್ಟೇ. ಆ ದನಿಯಲ್ಲೇ ಶುರು ಮಾಡಿದೆ. ಮೈಕು ಕಿರುಚಿತು. ಒಂದಿಬ್ಬರು ಕಿವಿ ಮುಚ್ಚಿಕೊಂಡರು.

“ನಮ್ಮತ್ತೆ ಕೊನೆಗೆ ನೋಡಿದ ಸಿನಿಮಾ ನನಗೆ ತುಂಬ ಇಷ್ಟ ಆಯ್ತು,” ಎಂದೆ. ಮೇಡಂ ತಲೆಯಾಡಿಸಿದರು. “ಅತ್ತೆಗೆ ಇಷ್ಟ ಆಗ್ಲಿಲ್ಲ. ಆ ಸೊಸೆ ವಾಪಸ್ ಬರಬಾರದಿತ್ತು ಅಂದ್ರು. ಅತ್ತೆ ಹಾಸಿಗೆ ಹಿಡಿದಿದ್ರೂ ಬರಬಾರದಿತ್ತಾ ಅಂತ ಕೇಳ್ದೆ. ಹೌದು, ಮಗ ಗಂಜಿ ಕಾಸ್ಲಿ ಅಂದ್ರು. ನಾನು ಒಪ್ಪಲಿಲ್ಲ. ಅವರೂ ಬಿಡ್ಲಿಲ್ಲ. ಅವರು ಮೆಚ್ಚಿದ್ರು ಅಂತ ನಾನು ಹೇಳಲ್ಲ. ಸಿನಿಮಾಕ್ಕೆ ಹೋಗಿ, ನೋಡಿ, ಆಮೇಲೆ ನಿಮ್ಮ ನಿಮ್ಮಲ್ಲೇ ಜಗಳ ಆಡಿ. ಅವರ ನೆನಪಿಗೆ ಏನಾದ್ರೂ ಮಾಡೋದಾದ್ರೆ ಅದನ್ನ ಮಾಡಿ.”

ಮೇಡಂ ಎದ್ದು ಬಂದು ಮೈಕು ತೆಗೆದುಕೊಂಡು, “ನೀಲಮ್ಮನವರು ಹೀಗೇ, ತಮಾಷೆಗೆ ಏನಾದ್ರೂ ಅಂತಿದ್ರು,” ಎಂದು ನಕ್ಕರು.

“ತಮಾಷೆ ಅಲ್ಲ ಮೇಡಂ,” ಎಂದೆ. ಮೈಕು ಇಲ್ಲದಿದ್ದರೂ ಕೊನೆಯ ಸಾಲಿಗೆ ಕೇಳಿಸಿತು. ಟೋಕನ್ ಕೂಗಿ ಕೂಗಿ ಬಂದ ಗಂಟಲು ಅದು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಶಾಂತಕ್ಕನ ಸೊಸೆ, ಹೊಸದಾಗಿ ಮದುವೆಯಾದ ಹುಡುಗಿ, ಕೂತಲ್ಲಿಂದಲೇ, “ಅಜ್ಜಿ ಹೇಳಿದ್ದು ಕರೆಕ್ಟ್ ಅಲ್ವಾ ಆಂಟಿ?” ಎಂದಳು. ಶಾಂತಕ್ಕ ತಿರುಗಿ, “ಏನ್ ಕರೆಕ್ಟು? ನಾಳೆ ನಾನು ಬಿದ್ರೆ ನೀನು ಬರಲ್ವಾ ಹಾಗಾದ್ರೆ?” ಎಂದರು. “ನಿಮ್ಮ ಮಗ ಇದಾರಲ್ಲ ಅತ್ತೆ!” “ಅವನಿಗೆ ಗ್ಯಾಸ್ ಹಚ್ಚೋಕೆ ಬರಲ್ಲ ಕಣೇ!” ಆಗ ಎಂದೂ ಬಾಯಿ ಬಿಡದ ಒಬ್ಬ ಅಜ್ಜಿ, “ಕಲಿಸದೇ ಇದ್ದೋರು ಯಾರು ಹಂಗಾದ್ರೆ? ನಾವೇ ತಾನೇ?” ಎಂದರು. ಅಲ್ಲಿಂದ ಹಾಲ್ ಎರಡು ಭಾಗ ಆಯಿತು. ವಾಪಸ್ ಬರಬೇಕಿತ್ತು ಎನ್ನುವವರು ಒಂದು ಕಡೆ, ಬರಬಾರದಿತ್ತು ಎನ್ನುವವರು ಇನ್ನೊಂದು ಕಡೆ. ಸಿನಿಮಾ ನೋಡದವರೇ ಹೆಚ್ಚು ಜೋರಾಗಿ ಕೂಗುತ್ತಿದ್ದರು. ಮೇಡಂ “ಶಾಂತಿ, ಶಾಂತಿ” ಎಂದು ಟೇಬಲ್ ಬಡಿದರು. ಶಾಂತಕ್ಕ ತಮ್ಮನ್ನೇ ಕರೆದರು ಎಂದುಕೊಂಡು ಎದ್ದು ನಿಂತರು. ಕಾಫಿ ನಿಜಕ್ಕೂ ಆರಿ ಹೋಯಿತು.

ಕಾರ್ಯಕ್ರಮ ಮುಗಿದ ಮೇಲೆ ಗಿರಿಜಾ ನನ್ನ ಸ್ಕೂಟರಿನ ತನಕ ಬಂದಳು. ಬೈಯುತ್ತಾಳೆ ಎಂದುಕೊಂಡೆ. ತಿರುಗಿ ಬೈಯಲು ನಾನೂ ಸಿದ್ಧವಾಗಿದ್ದೆ.

“ಅವ್ವ ನಿಜವಾಗ್ಲೂ ಹಂಗಂದ್ಲೇನು?” ಎಂದಳು. ಇಪ್ಪತ್ತು ವರ್ಷ ಬೆಂಗಳೂರಿನ ಮಾತಾಡಿದವಳಿಗೆ ಆಗ ದಾವಣಗೆರೆಯ ಮಾತು ಬಂತು.

“ಹೂಂ. ನಾನ್ಯಾಕೆ ಸುಳ್ಳು ಹೇಳ್ಲಿ?”

ಅವಳು ಸ್ಕೂಟರಿನ ಸೀಟಿನ ಮೇಲೆ ಕೈ ಇಟ್ಟು ನಿಂತಳು. “ನಿಮ್ಮ ಮದುವೆಗಿಂತ ಮುಂಚೆ, ನಾನು ಒಂದ್ಸಲ ಗಂಡನ ಮನೆ ಬಿಟ್ಟು ಬಂದಿದ್ದೆ ಅತ್ತಿಗೆ. ಬ್ಯಾಗ್ ತಗೊಂಡು. ಅವ್ವ ಒಂದು ವಾರ ಇಟ್ಕೊಂಡು, ರೊಟ್ಟಿ ಬುತ್ತಿ ಕಟ್ಟಿ, ತಾನೇ ಬಸ್ ಹತ್ತಿಸಿ ವಾಪಸ್ ಕಳಿಸಿದ್ಲು. ಹೆಣ್ಣುಮಕ್ಕಳು ಮನೆ ಬಿಡಬಾರದು ಅಂದ್ಲು.”

ಇಷ್ಟು ವರ್ಷದಲ್ಲಿ ಅತ್ತೆ ಇದನ್ನು ನನಗೆ ಹೇಳಿರಲಿಲ್ಲ.

“ಈಗ ಚೆನ್ನಾಗೇ ಇದೀನಿ. ಇವರೂ ಬದಲಾದ್ರು. ಅದಲ್ಲ,” ಎಂದಳು ಗಿರಿಜಾ. “ಸಿನಿಮಾದ ಹುಡುಗಿಗೆ ಬರಬಾರದಿತ್ತು ಅಂದ್ಲಲ್ಲ. ನಿಮ್ಮ ಹತ್ರ ಅಂದ್ಲು. ನನ್ನ ಹತ್ರ ಒಂದ್ಸಲ ಅನ್ನಬಹುದಿತ್ತು.”

ಅತ್ತೆ ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಗೆ ಹೇಳಿದರೋ, ಗಂಜಿ ಕಾಸದ ಹೀರೋನ ಮೇಲಿನ ಬರೀ ಸಿಟ್ಟಿಗೆ ಹೇಳಿದರೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಕತೆ ಚೆಂದವಾಗುತ್ತದೆ. ಆದರೆ ಅವರ ಬಾಯಲ್ಲಿ ಇಲ್ಲದ ಮಾತನ್ನು ಇಡಬಾರದು ಎಂದು ತಾನೇ ನಾನು ಅಷ್ಟು ಜನರ ಮುಂದೆ ಎದ್ದು ನಿಂತದ್ದು. ಗಿರಿಜಾಳಿಗೂ ಅದನ್ನೇ ಹೇಳಿದೆ. “ಗೊತ್ತಿಲ್ಲ ಕಣೇ,” ಎಂದೆ. ಅವಳು ರಸ್ತೆಯಲ್ಲೇ ಅತ್ತಳು. ನಾನು ತಡೆಯಲಿಲ್ಲ.

ಆ ಸಿನಿಮಾಕ್ಕೆ ಬಳಗದವರೆಲ್ಲ ಹೋದೆವು. ಸೊಸೆ ವಾಪಸ್ ಬರುವಾಗ ಅರ್ಧ ಸಾಲು ಚಪ್ಪಾಳೆ ಹೊಡೆಯಿತು, ಅರ್ಧ ಸಾಲು ಕೈ ಕಟ್ಟಿ ಕೂತಿತು. ನಾನು ಹೊಡೆದೆ. ನನಗೆ ಈಗಲೂ ಅದು ಇಷ್ಟ. ಶಾಂತಕ್ಕನ ಮಗ ಈಗ ಅನ್ನಕ್ಕೆ ಇಡಲು ಕಲಿತಿದ್ದಾನಂತೆ, ನೀರು ಹೆಚ್ಚಾಗುತ್ತದಂತೆ. ಬಳಗದಲ್ಲಿ ಈಗ ಹೊಸ ಸಿನಿಮಾದ ಬಗ್ಗೆ ನನ್ನನ್ನು ಕೇಳುತ್ತಾರೆ. ಹೇಳುತ್ತೇನೆ. ವರ್ಷ ಇನ್ನೂ ತುಂಬಿಲ್ಲ, ಕೆಲವರು ಇನ್ನೂ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಶುಕ್ರವಾರ ನಾನು ಹೋಗುತ್ತೇನೆ, ಮುಂದಿನ ಶುಕ್ರವಾರವೂ ಹೋಗುತ್ತೇನೆ.

ಕೆಲವು ಸಲ ಗಿರಿಜಾ ಕೆಂಗೇರಿಯಿಂದ ಮೆಟ್ರೋ ಹತ್ತಿ ಬರುತ್ತಾಳೆ. ನನ್ನ ಪಕ್ಕದಲ್ಲಿ ಕೂತು ನೋಡುತ್ತಾಳೆ. ಮುಗಿದ ಮೇಲೆ ನಾನು ಚೆನ್ನಾಗಿತ್ತು ಎಂದರೆ “ಹೌದು ಅತ್ತಿಗೆ, ಚೆನ್ನಾಗಿತ್ತು” ಅನ್ನುತ್ತಾಳೆ. ಚೆನ್ನಾಗಿರಲಿಲ್ಲ ಎಂದರೆ “ಹೌದು, ನನಗೂ ಹಾಗೇ ಅನ್ನಿಸ್ತು” ಅನ್ನುತ್ತಾಳೆ. ಒಳ್ಳೆಯವಳು. ಸಂಜೆ ಮನೆಗೆ ಬಂದ ಗಂಡನಿಗೆ ಕತೆ ಹೇಳಿದರೆ ಅವರೂ ಹೂಂ ಅನ್ನುತ್ತಾರೆ. ಬಳಗದವರೂ ಈಗ ನನ್ನ ಮಾತನ್ನು ಒಪ್ಪುತ್ತಾರೆ.

ನನ್ನ ಮಾತು ತಪ್ಪು ಎಂದು ಹೇಳುವವರು ನನಗೆ ಈಗ ಯಾರೂ ಇಲ್ಲ.